ಅರಳುಮರಳಲ್ಲ, ಅದೊಂದು ರೋಗ

"ಅರುವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮುದುಕರ ಮರೆವು ಸಹಜವೆಂದು ಸುಮ್ಮನಾಗುತ್ತೇವೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಾಮಾನ್ಯ ಮರೆವು. ಆದರೆ ಉಂಡ ಮೇಲೂ ಊಟ ಕೊಡಲಿಲ್ಲವೆಂದು ದೂರುವುದು, ನಿತ್ಯ ನಡೆದ ದಾರಿಯಲ್ಲೇ ದಿಕ್ಕು ತಪ್ಪುವುದು, ಮನೆಮಂದಿಯ ಗುರುತೇ ಹತ್ತದಿರುವುದು ರೋಗದ ಲಕ್ಷಣಗಳು. ಈ ಸ್ಥಿತಿಯನ್ನು ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ.

ಇದಕ್ಕೆ ಕಾರಣವಾಗುವ ರೋಗಗಳಲ್ಲಿ ಮುಖ್ಯವಾದುದು ಅಲ್ಝೈಮರ್ ಕಾಯಿಲೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರ ಬಳಿ ಮರೆವಿನಿಂದ ಬಳಲುತ್ತಿದ್ದ ಮಹಿಳೆಯೊಬ್ಬಳು ಬಂದಳು. ಆಕೆಗೆ ಆಗ ಕೇವಲ 51 ವರ್ಷ. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮೆದುಳನ್ನು ಪರೀಕ್ಷಿಸಿದಾಗ ಜೀವಕೋಶಗಳ ನಡುವೆ ಕಲೆಗಳೂ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಕಂಡವು. ಹೊಸ ನೆನಪನ್ನು ಕೂಡಿಡುವ ಭಾಗ ಮೊದಲು ಕೆಡುವುದರಿಂದ ಬೆಳಗ್ಗಿನ ಮಾತು ಮರೆತರೂ ಬಾಲ್ಯದ ನೆನಪು ಬಹುಕಾಲ ಉಳಿಯುತ್ತದೆ.

ಮರೆವೆಲ್ಲವೂ ಈ ರೋಗವಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಬರಬಹುದು, ಇವುಗಳಿಗೆ ಮದ್ದುಂಟು. ಆದುದರಿಂದ ವೈದ್ಯರ ಪರೀಕ್ಷೆ ಅಗತ್ಯ. ಅಲ್ಝೈಮರ್ ಅನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲವಾದರೂ ಸರಿಯಾದ ಆರೈಕೆಯಿಂದ ರೋಗಿಯ ಬದುಕು ಹಗುರವಾಗುತ್ತದೆ.

ಕಾಸರಗೋಡು ಸಪ್ತಭಾಷೆಗಳ ನಾಡು. 2013ರಲ್ಲಿ ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಹೀಗೆಯೇ. ಭಾಷೆಗಳು ರೋಗವನ್ನೇ ತಡೆಯುತ್ತವೆ ಎಂದು ಇದರ ಅರ್ಥವಲ್ಲ.

ರೋಗ ಬಂದ ಮೇಲೆ ಭಾಷೆಯ ಪ್ರಶ್ನೆ ಬೇರೆಯೇ ಆಗುತ್ತದೆ. ದೊಡ್ಡವರಾದ ಮೇಲೆ ಕಲಿತ ಭಾಷೆ ಅನೇಕರಲ್ಲಿ ಮೊದಲು ಮಾಸಿ, ಎಳವೆಯ ಮನೆಮಾತು ಉಳಿಯುತ್ತದೆ. ತುಳುವಿನಲ್ಲಿ ಮಾತ್ರ ಉತ್ತರಿಸಬಲ್ಲ ಅಜ್ಜಿಯೊಡನೆ ವೈದ್ಯರು ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ, ಭಾಷೆ ತಿಳಿಯದ ಮೌನವನ್ನು ಮರೆವೆಂದು ಬಗೆಯುವ ಸಂಭವವಿದೆ. ಎರಡೂ ಭಾಷೆ ಬಲ್ಲವರೊಬ್ಬರು ಜೊತೆಗೆ ಹೋಗಬೇಕು. ಶಾಲೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮಲಯಾಳವನ್ನೂ ಕಲಿತ ಮಕ್ಕಳಿಗೆ ಇದು ಕಷ್ಟದ ಕೆಲಸವಲ್ಲ.

ವಿದ್ಯಾರ್ಥಿ ಮಿತ್ರರೇ, ಅಜ್ಜ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ನಗಬೇಡಿ, ಗದರಬೇಡಿ. ಅದು ಅವರ ಹಠವಲ್ಲ. ಅವರ ಮನೆಮಾತಿನಲ್ಲಿಯೇ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಉತ್ತರಿಸಿ. ಹೊರಗೆ ಹೋಗುವಾಗ ಅವರ ಕಿಸೆಯಲ್ಲಿ ಮನೆಯ ವಿಳಾಸದ ಚೀಟಿಯಿರಲಿ. ಹಗಲಿರುಳು ನೋಡಿಕೊಳ್ಳುವ ತಾಯಿಗೂ ವಿಶ್ರಾಂತಿ ಬೇಕು. ದಿನಕ್ಕೊಂದು ಗಂಟೆಯಾದರೂ ಅಜ್ಜನ ಬಳಿ ನಾವು ಕುಳಿತುಕೊಳ್ಳೋಣ.