ಕಡತ ಸುಟ್ಟ ಗುರುಗಳು: ಕೇಟನ್ಸ್‌ವಿಲ್ ಪ್ರಕರಣ

1968ನೆಯ ಇಸವಿಯ ಮೇ 17ರಂದು ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಹೊಂದಿಕೊಂಡಿರುವ ಕೇಟನ್ಸ್‌ವಿಲ್ ಎಂಬ ಊರಿನ ಸೇನಾಭರ್ತಿ ಕಚೇರಿಯನ್ನು ಒಂಬತ್ತು ಮಂದಿ ಕಥೋಲಿಕರು ಪ್ರವೇಶಿಸಿದರು. ಕಡ್ಡಾಯ ಸೇನಾಸೇವೆಗೆ ಕರೆಯಲ್ಪಡಲಿದ್ದ ತರುಣರ ಕಡತಗಳನ್ನು ತಂತಿಬುಟ್ಟಿಗಳಲ್ಲಿ ತುಂಬಿದರು. ಅವನ್ನು ಹೊರಗೆ ವಾಹನ ನಿಲ್ಲಿಸುವ ಬಯಲಿಗೆ ಒಯ್ದು, ಪೆಟ್ರೋಲಿಗೆ ಸಾಬೂನುಪುಡಿ ಬೆರೆಸಿ ತಾವೇ ತಯಾರಿಸಿದ್ದ ನೇಪಾಮನ್ನು ಸುರಿದು ಬೆಂಕಿಯಿಟ್ಟರು. ವಿಯೆಟ್ನಾಮಿನ ಹಳ್ಳಿಗಳ ಮೇಲೆ ಅವರ ಸರ್ಕಾರ ಸುರಿಯುತ್ತಿದ್ದುದೂ ನೇಪಾಮನ್ನೇ. 378 ಕಡತಗಳು ಉರಿದವು. ಉರಿಯ ಸುತ್ತ ನಿಂತು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತ ಅವರು ಪೊಲೀಸರ ಬರವಿಗಾಗಿ ಕಾದರು. ಯಾರೂ ಓಡಿಹೋಗಲಿಲ್ಲ.

ಆ ಕಚೇರಿಯಿದ್ದ ಕಟ್ಟಡ ಯಾರದೆಂಬುದನ್ನು ವಾಚಕರು ಗಮನಿಸಬೇಕು. ಅದು ಕಥೋಲಿಕ ಶ್ರೀಸಾಮಾನ್ಯರ ಪ್ರಬಲ ಸಂಘಟನೆಯಾದ ನೈಟ್ಸ್ ಆಫ್ ಕೊಲಂಬಸ್‌ನವರದು. ಸುಟ್ಟವರೂ ನಮ್ಮವರೇ, ಸರ್ಕಾರಕ್ಕೆ ಸ್ಥಳ ಕೊಟ್ಟವರೂ ನಮ್ಮವರೇ. ಐರ್ಲೆಂಡ್, ಇಟಲಿ, ಪೋಲೆಂಡ್‌ಗಳಿಂದ ವಲಸೆ ಬಂದ ಕಥೋಲಿಕರನ್ನು ಅಮೆರಿಕದ ಬಹುಸಂಖ್ಯಾತರು ಬಹುಕಾಲ ಸಂಶಯದಿಂದ ಕಂಡಿದ್ದರು. ಇವರ ನಿಷ್ಠೆ ದೇಶಕ್ಕೋ ರೋಮಿಗೋ ಎಂದು ಕೇಳುತ್ತಿದ್ದರು. ಮಕ್ಕಳನ್ನು ಸೈನ್ಯಕ್ಕೆ ಕಳುಹಿಸುವುದೇ ಆ ಪ್ರಶ್ನೆಗೆ ಕಥೋಲಿಕ ಕುಟುಂಬಗಳು ಕೊಡುತ್ತಿದ್ದ ಉತ್ತರ. 1960ರಲ್ಲಿ ಕೆನಡಿಯವರು ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದಾಗ ಆ ಹಳೆಯ ಅಪಮಾನ ತೊಳೆದುಹೋಯಿತೆಂದು ಅವರು ಭಾವಿಸಿದ್ದರು. ನ್ಯೂಯಾರ್ಕಿನ ಕಾರ್ಡಿನಲ್ ಸ್ಪೆಲ್‌ಮನ್‌ರವರು ಕ್ರಿಸ್ಮಸ್ ಕಾಲದಲ್ಲಿ ಯುದ್ಧಭೂಮಿಗೇ ತೆರಳಿ ಸೈನಿಕರಿಗೆ ಬಲಿಪೂಜೆ ಅರ್ಪಿಸುತ್ತಿದ್ದರು. ಇಂಥ ಸಮುದಾಯದ ನಡುವಿನಿಂದಲೇ, ಕೊರಳಪಟ್ಟಿ ಧರಿಸಿದ ಗುರುಗಳು ಸರ್ಕಾರದ ಕಡತಗಳಿಗೆ ಬೆಂಕಿಯಿಟ್ಟರೆ ಜನರಿಗೆ ಹೇಗೆನಿಸಿರಬೇಡ!

ಅವರು ಪುಂಡರಾಗಿರಲಿಲ್ಲ. ಫಿಲಿಪ್ ಬೆರಿಗನ್ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಸೈನಿಕ; ಬಳಿಕ ಕರಿಯ ಜನಾಂಗದವರ ಸೇವೆಗೆ ಮುಡಿಪಾದ ಜೋಸೆಫೈಟ್ ಸಭೆಯ ಗುರುವಾದರು. 1967ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರಿನ ಇನ್ನೊಂದು ಕಚೇರಿಯ ಕಡತಗಳ ಮೇಲೆ ರಕ್ತ ಸುರಿದ ಪ್ರಕರಣದಲ್ಲಿ ಅವರು ಆಗಲೇ ಅಪರಾಧಿಯೆನಿಸಿ ಶಿಕ್ಷೆಯ ಪ್ರಮಾಣವನ್ನು ಎದುರುನೋಡುತ್ತಿದ್ದರು. ಅಣ್ಣ ಡೇನಿಯಲ್ ಯೇಸುಸಭೆಯ ಗುರು, ಕವಿ. 1968ರ ಫೆಬ್ರವರಿಯಲ್ಲಿ ಅವರು ಇತಿಹಾಸಕಾರ ಹೊವಾರ್ಡ್ ಝಿನ್‌ರೊಡನೆ ಹನೋಯ್‌ಗೆ ಹೋಗಿ, ಸೆರೆಯಲ್ಲಿದ್ದ ಮೂವರು ಅಮೆರಿಕನ್ ವಿಮಾನಸೈನಿಕರನ್ನು ಕರೆತಂದಿದ್ದರು. ಅಲ್ಲಿ ತಮ್ಮದೇ ದೇಶದ ಬಾಂಬುಗಳಿಗೆ ಹೆದರಿ ಆಶ್ರಯ ಪಡೆಯಬೇಕಾಗಿ ಬಂದಿತ್ತು. ಥಾಮಸ್ ಮೆಲ್ವಿಲ್, ಅವರ ಪತ್ನಿ ಮಾರ್ಜೊರಿ ಮತ್ತು ಜಾನ್ ಹೋಗನ್ ಗ್ವಾಟೆಮಾಲದಲ್ಲಿ ಮೇರಿನೋಲ್ ಮಿಷನರಿಗಳಾಗಿದ್ದು ಬಡ ರೈತರ ಸಂಕಟವನ್ನು ಕಣ್ಣಾರೆ ಕಂಡವರು. ಮೇರಿ ಮೊಯ್ಲನ್ ಆಫ್ರಿಕದಲ್ಲಿ ಸೇವೆ ಸಲ್ಲಿಸಿದ್ದ ದಾದಿ. ಡೇವಿಡ್ ಡಾರ್ಸ್ಟ್ ಕ್ರೈಸ್ತ ಸಹೋದರರ ಸಭೆಗೆ ಸೇರಿದ ಶಿಕ್ಷಕ, ಟಾಮ್ ಲೂಯಿಸ್ ಕಲಾವಿದ, ಜಾರ್ಜ್ ಮಿಶೆ ಲ್ಯಾಟಿನ್ ಅಮೆರಿಕದಲ್ಲಿ ದುಡಿದು ಮರಳಿದವರು.

ಇವರಿಗೆ ಈ ಧೈರ್ಯ ಎಲ್ಲಿಂದ ಬಂತು? ಒಂದಂಶ ಧರ್ಮಸಭೆಯ ಬೋಧನೆಯಿಂದಲೇ ಬಂತೆನ್ನಬೇಕು. 1963ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ಶಾಂತಿಯನ್ನು ಕುರಿತು ವಿಶ್ವಪರಿಪತ್ರ ಹೊರಡಿಸಿದರು. 1965ರ ಅಕ್ಟೋಬರ್ 4ರಂದು ಆರನೆಯ ಪೌಲ್‌ರವರು ವಿಶ್ವಸಂಸ್ಥೆಯಲ್ಲಿ ನಿಂತು ಯುದ್ಧ ಇನ್ನೆಂದಿಗೂ ಬೇಡವೆಂದು ರಾಷ್ಟ್ರಗಳನ್ನು ಬೇಡಿಕೊಂಡರು. ಅದೇ ವರ್ಷ ದ್ವಿತೀಯ ವ್ಯಾಟಿಕನ್ ಮಹಾಸಭೆಯು, ಅಂತಃಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದವರನ್ನು ಕಾನೂನು ಮಾನವೀಯವಾಗಿ ಕಾಣಬೇಕೆಂದಿತು. ಆದರೆ ಆಯುಧ ಹಿಡಿಯಲಾರೆನೆನ್ನುವುದು ಒಂದು, ಸರ್ಕಾರದ ಕಾಗದ ಸುಡುವುದು ಮತ್ತೊಂದು.

ಅನ್ಯಾಯದ ಕಾನೂನು ಅಂತಃಸಾಕ್ಷಿಯನ್ನು ಬಂಧಿಸದೆಂಬುದು ಸಂತ ಥಾಮಸ್ ಅಕ್ವಿನಾಸರ ಪ್ರಸಿದ್ಧ ವಾದ. ಮಾರ್ಟಿನ್ ಲೂಥರ್ ಕಿಂಗ್‌ರವರು 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ಇದನ್ನೇ ಆಧಾರವಾಗಿ ಹಿಡಿದರು. ಅವರು ಬ್ಯಾಪ್ಟಿಸ್ಟ್ ಪಾದ್ರಿ. ನಮ್ಮ ಗುರುಮಠಗಳ ಪಾಠಕ್ಕೆ ಹೊರಗಿನವರೊಬ್ಬರು ಜೀವ ತುಂಬಿದರು. ಆದರೆ ಅಕ್ವಿನಾಸರ ವಾದದ ಮುಂದಿನ ಭಾಗವನ್ನು ಜನ ಹೆಚ್ಚಾಗಿ ಓದುವುದಿಲ್ಲ. ಕಾನೂನು ಅನ್ಯಾಯದ್ದೇ ಆದರೂ, ಅದು ದೇವರ ಆಜ್ಞೆಗೆ ನೇರ ವಿರುದ್ಧವಲ್ಲದಿದ್ದರೆ, ಸಮಾಜದಲ್ಲಿ ಕ್ಷೋಭೆಯುಂಟಾಗದಿರಲೆಂದು ಮನುಷ್ಯ ತನ್ನ ಹಕ್ಕನ್ನು ಬಿಟ್ಟುಕೊಡಬೇಕಾಗಿ ಬರಬಹುದೆಂದೂ ಅವರು ಹೇಳುತ್ತಾರೆ. ಕೊಲ್ಲಲು ಕಳುಹಿಸುವ ಕಾನೂನು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರಿದ್ದು? ಕೇಟನ್ಸ್‌ವಿಲ್‌ನ ವಾದವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ನಮಗೆ ಇಲ್ಲಿ ಗಾಂಧೀಜಿಯವರ ನೆನಪಾಗುತ್ತದೆ. 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗಿನ ಮಸೀದಿಯೊಂದರ ಅಂಗಳದಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಸುಟ್ಟರು. ಅಲ್ಲಿ ಪ್ರತಿಯೊಬ್ಬನೂ ಸುಟ್ಟದ್ದು ತನ್ನ ಪತ್ರವನ್ನು, ತನ್ನ ಹೆಸರನ್ನು. ಕೇಟನ್ಸ್‌ವಿಲ್‌ನಲ್ಲಿ ಸುಟ್ಟದ್ದು ಬೇರೆಯವರ ಹೆಸರುಗಳನ್ನು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಬುಟ್ಟಿಗಳನ್ನು ತಡೆಯಲು ಹೋದ ಗುಮಾಸ್ತೆಯೊಬ್ಬರ ಕೈಗೆ ತರಚು ಗಾಯವೂ ಆಯಿತು. ಗಾಯ ಚಿಕ್ಕದೇ, ಆದರೂ ದಿನಗೂಲಿಯಂತೆ ತನ್ನ ಕೆಲಸ ಮಾಡಿಕೊಂಡಿದ್ದ ಹೆಂಗಸಿನ ಕೈ ಅದು. ಟ್ರಾಪಿಸ್ಟ್ ಸನ್ಯಾಸಿ ಥಾಮಸ್ ಮರ್ಟನ್ ಬೆರಿಗನ್ನರ ಆಪ್ತರಾಗಿದ್ದರೂ ಈ ಕೃತ್ಯ ಹಿಂಸೆಯ ಅಂಚಿಗೆ ಬಂತೆಂದು ಅಳುಕಿದರು. ಕ್ಯಾಥೊಲಿಕ್ ವರ್ಕರ್ ಸಂಸ್ಥಾಪಕಿ ಡೊರೊಥಿ ಡೇ ಅವರೂ ಆಸ್ತಿನಾಶದ ಮಾರ್ಗವನ್ನು ಮನಸಾರೆ ಒಪ್ಪಲಿಲ್ಲ. ಯುದ್ಧದ ಪರವಾಗಿದ್ದವರ ಬೈಗುಳಕ್ಕಿಂತ ಇವರ ಅಳುಕಿಗೇ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಅಕ್ಟೋಬರ್‌ನಲ್ಲಿ ಬಾಲ್ಟಿಮೋರಿನಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶ ರೋಸೆಲ್ ಥಾಮ್ಸೆನ್ ಆರೋಪಿಗಳಿಗೆ ತಮ್ಮ ಬದುಕಿನ ಕಥೆ ಹೇಳಲು ಧಾರಾಳವಾಗಿ ಅವಕಾಶ ಕೊಟ್ಟರು. ಆದರೆ ಉದ್ದೇಶ ಎಷ್ಟೇ ಪವಿತ್ರವಾಗಿದ್ದರೂ ಕಾನೂನಿನ ಮುಂದೆ ಅದು ಸಮರ್ಥನೆಯಾಗದೆಂದು ಜ್ಯೂರಿಗೆ ತಿಳಿಸಿದರು. ಜ್ಯೂರಿ ಹೊರಗೆ ಚರ್ಚಿಸುತ್ತಿದ್ದಾಗ ನ್ಯಾಯಾಧೀಶರೂ ಆರೋಪಿಗಳೂ ಆತ್ಮೀಯರಂತೆ ಮಾತಾಡಿದರು. ಕೊನೆಗೆ ಡೇನಿಯಲ್ ಪ್ರಾರ್ಥನೆಗೆ ಅನುಮತಿ ಕೋರಿದರು. ಸರ್ಕಾರಿ ವಕೀಲರೂ ಆಕ್ಷೇಪಿಸಲಿಲ್ಲ. ಪ್ರಭು ಕಲಿಸಿದ ಪ್ರಾರ್ಥನೆ ಈ ಬಾರಿ ನ್ಯಾಯಾಲಯದೊಳಗೆ ಕೇಳಿಸಿತು. ಎಲ್ಲರೂ ಅಪರಾಧಿಗಳೆಂದು ತೀರ್ಪಾಯಿತು. ನವೆಂಬರ್‌ನಲ್ಲಿ ಎರಡರಿಂದ ಮೂರೂವರೆ ವರ್ಷಗಳ ಶಿಕ್ಷೆ ಪ್ರಕಟವಾಯಿತು.

1970ರಲ್ಲಿ ಮೇಲ್ಮನವಿಗಳೆಲ್ಲ ಮುಗಿದು ಸೆರೆಮನೆಗೆ ಹಾಜರಾಗಬೇಕಾದಾಗ ಕೆಲವರು ಭೂಗತರಾದರು. ಡೇನಿಯಲ್ ನಾಲ್ಕು ತಿಂಗಳು ಎಫ್‌ಬಿಐ ಕಣ್ಣು ತಪ್ಪಿಸಿ, ನಡುನಡುವೆ ಪ್ರವಚನವನ್ನೂ ಮಾಡಿ, ಆಗಸ್ಟ್ 11ರಂದು ಬ್ಲಾಕ್ ದ್ವೀಪದಲ್ಲಿ ಸಿಕ್ಕಿಬಿದ್ದರು. ಇದು ನಮಗೆ ಒಪ್ಪಿಗೆಯಾಗದು. ಕಾನೂನು ಮುರಿದವನು ಶಿಕ್ಷೆಯನ್ನು ಬಹಿರಂಗವಾಗಿ ಹೊರುವುದರಲ್ಲೇ ಸತ್ಯಾಗ್ರಹದ ಬಲವಿದೆ. ಉರಿಯ ಬಳಿ ಪೊಲೀಸರಿಗಾಗಿ ಕಾದು ನಿಂತಾಗ ಇವರಿಗಿದ್ದ ನೈತಿಕ ಅಧಿಕಾರ ಅಡಗಿ ಕುಳಿತಾಗ ತೆಳುವಾಯಿತು. ಅನ್ಯಾಯದ ಯುದ್ಧ ನಡೆಸುವ ಸರ್ಕಾರಕ್ಕೆ ಶಿಕ್ಷಿಸುವ ಹಕ್ಕೇ ಇಲ್ಲವೆಂಬುದು ಅವರ ವಾದ. ಆ ಹಾದಿಯಲ್ಲಿ ಮುಂದೆ ನಡೆದರೆ ನಿಲ್ಲುವ ತಾಣ ಯಾವುದೆಂದು ನಮಗೆ ಕಾಣುವುದಿಲ್ಲ.

ಹೀಗಿದ್ದರೂ ಧರ್ಮಾಧ್ಯಕ್ಷರ ನಿಲುವು ಬದಲಾದುದನ್ನು ಮರೆಯುವಂತಿಲ್ಲ. ವಿಯೆಟ್ನಾಮಿನಲ್ಲಿ ತಮ್ಮ ದೇಶದ ಉಪಸ್ಥಿತಿ ಸಮರ್ಥನೀಯವೆಂದು 1966ರಲ್ಲಿ ಹೇಳಿದ್ದ ಅಮೆರಿಕದ ಧರ್ಮಾಧ್ಯಕ್ಷರು, 1968ರ ನವೆಂಬರ್‌ನಲ್ಲಿ ಅದೇ ಯುದ್ಧವನ್ನು ಪ್ರಶ್ನಿಸಿ, ನಿರ್ದಿಷ್ಟ ಯುದ್ಧವೊಂದನ್ನು ನಿರಾಕರಿಸುವವರಿಗೂ ಕಾನೂನಿನ ರಕ್ಷಣೆ ಬೇಕೆಂದರು. 1971ರಲ್ಲಿ ಆ ಯುದ್ಧ ಇನ್ನು ನ್ಯಾಯಸಮ್ಮತವಲ್ಲವೆಂದು ಘೋಷಿಸಿದರು. ಕಡ್ಡಾಯ ಭರ್ತಿ 1973ರಲ್ಲಿ ನಿಂತಿತು. ಅಷ್ಟರಲ್ಲಿ 58 ಸಾವಿರದಷ್ಟು ಅಮೆರಿಕನ್ ಸೈನಿಕರು ಸತ್ತಿದ್ದರು. ವಿಯೆಟ್ನಾಮಿಗಳ ಸಾವು ಲಕ್ಷಗಳ ಲೆಕ್ಕದ್ದು.

ಡೇವಿಡ್ ಡಾರ್ಸ್ಟ್ ಸೆರೆಮನೆ ಸೇರುವ ಮೊದಲೇ, 1969ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಫಿಲಿಪ್ 2002ರಲ್ಲಿ, ಡೇನಿಯಲ್ 2016ರಲ್ಲಿ ನಿಧನರಾದರು. ದಾದಿ ಮೇರಿ ಮೊಯ್ಲನ್ ಮಾತ್ರ ಎಲ್ಲರಿಗಿಂತ ಹೆಚ್ಚು ಕಾಲ ಭೂಗತರಾಗಿ ಉಳಿದರು. ಯುದ್ಧ ಮುಗಿದು ನಾಲ್ಕು ವರ್ಷಗಳಾದ ಮೇಲೆ, 1979ರಲ್ಲಿ, ಅವರು ತಾವಾಗಿಯೇ ಅಧಿಕಾರಿಗಳಿಗೆ ಶರಣಾಗಿ ಸೆರೆವಾಸ ಅನುಭವಿಸಿದರು.