ಶಾಸನದ ಛಾಯಾಚಿತ್ರ ಮತ್ತು ಬೆಳಕಿನ ಲೆಕ್ಕ: ರಾ ಹಿಸ್ಟೋಗ್ರಾಮನ್ನು ಕುರಿತು ಕೆಲವು ವಿಚಾರಗಳು

ಶಾಸನಗಳ ಪ್ರತಿಯನ್ನು ತೆಗೆಯುವುದರಲ್ಲಿ ಪಡಿಯಚ್ಚಿಗೆ ಇರುವ ಹಿರಿಮೆ ಎಲ್ಲರಿಗೂ ತಿಳಿದದ್ದೇ. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಹೊಂದಿಸಿ, ಕುಂಚದಿಂದ ಬಡಿದು, ಮೇಲೆ ಮಸಿಯನ್ನು ತಟ್ಟಿ ತೆಗೆಯುವ ಈ ಪ್ರತಿಗೆ ಬಿಸಿಲು ನೆರಳುಗಳ ಹಂಗಿಲ್ಲ. ಆದರೆ ಪದರು ಪದರಾಗಿ ಕಳಚುತ್ತಿರುವ ಕಲ್ಲಿನ ಮೇಲೆ ಕುಂಚವನ್ನು ಬಡಿಯುವಂತಿಲ್ಲ. ಗೋಡೆಯ ಮೇಲೆ ಬಣ್ಣದಿಂದ ಬರೆದ ಲಿಪಿಗೂ ತಾಳೆಯೋಲೆಗೂ ಆ ಕ್ರಮ ಸಲ್ಲದು. ಅಂಥೆಡೆಗಳಲ್ಲಿ ಛಾಯಾಚಿತ್ರವೇ ಏಕಮಾತ್ರ ಸಾಕ್ಷಿಯಾಗುತ್ತದೆ. ಸಾಕ್ಷಿಯು ಏನನ್ನು ಕಂಡಿತು, ಎಷ್ಟನ್ನು ಕಂಡಿತು ಎಂಬುದನ್ನು ವಿಚಾರಿಸದೆ ಅದರ ಮಾತನ್ನು ನಂಬುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ. ಕ್ಯಾಮರಾ ತನ್ನ ಹಿಂಬದಿಯ ಪರದೆಯಲ್ಲಿ ತೋರಿಸುವ ಹಿಸ್ಟೋಗ್ರಾಮ್, ಅದು ನಿಜವಾಗಿ ದಾಖಲಿಸಿದ ಬೆಳಕಿನ ಲೆಕ್ಕವಲ್ಲವೆಂಬುದನ್ನು ನಾವು ತಡವಾಗಿ, ಬೆಲೆ ತೆತ್ತು ಅರಿತೆವು. ಆ ವಿಷಯವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯದ ಸಂದರ್ಭದಲ್ಲಿ, ಹಳ್ಳಿಯೊಂದರ ದೇವಾಲಯದ ಮುಖಮಂಟಪದಲ್ಲಿ ನಿಲ್ಲಿಸಿದ್ದ ದಾನಶಾಸನದ ಚಿತ್ರಗಳನ್ನು ತೆಗೆದೆವು. ಕೆಳಭಾಗದಲ್ಲಿ ಕಲ್ಲಿನ ಪದರು ಏಳುತ್ತಿದ್ದುದರಿಂದ ಪಡಿಯಚ್ಚಿನ ಯೋಚನೆಯನ್ನು ಬಿಟ್ಟಿದ್ದೆವು. ಕಲ್ಲಿನ ಮೇಲ್ಭಾಗಕ್ಕೆ ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಕೆಳಗಿನ ಪಂಕ್ತಿಗಳು ಕಕ್ಷಾಸನದ ದಟ್ಟ ನೆರಳಿನಲ್ಲಿದ್ದವು. ಮೊದಲ ಚಿತ್ರವನ್ನು ತೆಗೆದೊಡನೆ ಹಿಸ್ಟೋಗ್ರಾಮ್ ಪರದೆಯ ಬಲ ಅಂಚಿಗೆ ಒತ್ತಿಕೊಂಡು ನಿಂತಿತು. ಬಿಸಿಲಿನ ಭಾಗವು ಎಚ್ಚರಿಕೆಯ ಗುರುತಾಗಿ ಮಿನುಗತೊಡಗಿತು. ಅಕ್ಷರಗಳು ಬೆಳಕಿನಲ್ಲಿ ಕರಗಿಹೋದಾವೆಂದು ಹೆದರಿ ಎಕ್ಸ್‌ಪೋಷರನ್ನು ಎರಡು ಸ್ಟಾಪ್, ಎಂದರೆ ನಾಲ್ಕರಲ್ಲೊಂದು ಪಾಲಿಗೆ, ಇಳಿಸಿದೆವು. ಮೊದಲ ಚಿತ್ರವನ್ನು ಅಳಿಸಿ ಉಳಿದುವೆಲ್ಲವನ್ನೂ ಹಾಗೆಯೇ ತೆಗೆದೆವು. ಊರಿಗೆ ಬಂದು ನೋಡಲಾಗಿ ಬಿಸಿಲಿನ ಪಂಕ್ತಿಗಳು ಸ್ಪಷ್ಟವಾಗಿದ್ದವು. ನೆರಳಿನಲ್ಲಿದ್ದ ಕೊನೆಯ ಮೂರು ಪಂಕ್ತಿಗಳನ್ನು ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಅಕ್ಷರಗಳಿಗೆ ಬದಲು ಮರಳು ಎರಚಿದಂತಹ ಚುಕ್ಕೆಗಳು ಎದ್ದವು. ದಾನಶಾಸನದ ಕೊನೆಯಲ್ಲಿ ಶಾಪಾಶಯವೂ, ಬರೆದವನ ಮತ್ತು ಕಂಡರಿಸಿದವನ ಹೆಸರೂ ಬರುವುದುಂಟೆಂದು ಬಲ್ಲವರಿಗೆ ಈ ನಷ್ಟದ ತೂಕ ತಿಳಿಯುತ್ತದೆ. ಮರುವರ್ಷ ಪುನಃ ಹೋದಾಗ ಜೀರ್ಣೋದ್ಧಾರದ ಉತ್ಸಾಹದಲ್ಲಿ ಕಲ್ಲಿಗೆ ಎನಾಮಲ್ ಬಣ್ಣವನ್ನು ದಪ್ಪನಾಗಿ ಬಳಿದಿದ್ದರು. ಬಳಿದವರ ಭಕ್ತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಸಮಯವಿದ್ದಾಗ ತಪ್ಪಿದವರು ನಾವು.

ತಪ್ಪಿದ್ದು ಎಲ್ಲಿ? ಕ್ಯಾಮರಾದ ಸೆನ್ಸರ್ ಎಂಬುದು ಕೋಟ್ಯಂತರ ಸೂಕ್ಷ್ಮ ಕೋಶಗಳ ಹಾಸು. ಬೆಳಕು ಕೋಶದ ಮೇಲೆ ಬಿದ್ದಾಗ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಅಲ್ಲಿಯೇ ಶೇಖರವಾಗುತ್ತವೆ. ನಮ್ಮ ಶಾಸನಗಳಲ್ಲಿ ಧಾನ್ಯದ ಅಳತೆಯಾಗಿ ಬರುವ ಕೊಳಗವನ್ನು ಇಲ್ಲಿ ನೆನೆಯಬಹುದು. ಕೊಳಗ ತುಂಬುವವರೆಗೆ ಸುರಿದಷ್ಟೂ ಲೆಕ್ಕಕ್ಕೆ ಬರುತ್ತದೆ. ತುಂಬಿದ ಮೇಲೆ ಹತ್ತು ಹಿಡಿ ಚೆಲ್ಲಿತೋ ನೂರು ಹಿಡಿ ಚೆಲ್ಲಿತೋ ಹೇಳುವಂತಿಲ್ಲ. ಎಕ್ಸ್‌ಪೋಷರ್ ಮುಗಿದೊಡನೆ ಪ್ರತಿ ಕೋಶದ ಶೇಖರವನ್ನು ಅಳೆದು ಅಂಕಿಯಾಗಿ ಬರೆಯಲಾಗುತ್ತದೆ. 14 ಬಿಟ್ಟಿನ ಕ್ಯಾಮರಾದಲ್ಲಿ ಈ ಅಂಕಿ 0ಯಿಂದ 16,383ರವರೆಗೆ ಇರಬಹುದು. ಕತ್ತಲೆಯಲ್ಲಿಯೂ ಇರುವ ಮೂಲಮಟ್ಟವನ್ನು ಕಳೆದರೆ, ಬೆಳಕು ಇಮ್ಮಡಿಯಾದಾಗ ಅಂಕಿಯೂ ಇಮ್ಮಡಿಯಾಗುತ್ತದೆ. ಈ ಅಂಕಿಗಳ ದಾಖಲೆಯೇ ರಾ ಕಡತ. ಕೋಶಕ್ಕೆ ಸ್ವತಃ ಬಣ್ಣದ ಅರಿವಿಲ್ಲ. ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ವಿನ್ಯಾಸದಂತೆ, ನಾಲ್ಕು ಕೋಶಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಶೋಧಕವನ್ನು ಹೊದಿಸಿರುತ್ತಾರೆ.

ಹಿಸ್ಟೋಗ್ರಾಮ್ ಎಂಬ ಹೆಸರು ಛಾಯಾಗ್ರಹಣಕ್ಕೆ ಸೇರಿದುದಲ್ಲ. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಬಳಕೆಗೆ ತಂದ ಮಾತು ಅದು, 1895ರ ಅವರ ಪ್ರಬಂಧದಲ್ಲಿ ಅಚ್ಚಾಗಿದೆ. ಯಾವ ಅಂಕಿಯನ್ನು ಎಷ್ಟು ಕೋಶಗಳು ಪಡೆದಿವೆ ಎಂಬುದನ್ನು ಎಡದಿಂದ ಬಲಕ್ಕೆ, ಕಪ್ಪಿನಿಂದ ಬಿಳುಪಿಗೆ, ಜೋಡಿಸಿ ತೋರಿಸುವ ರೇಖಾಚಿತ್ರವೆಂದರೆ ಸಾಕು. ಪ್ರಶ್ನೆ ಇರುವುದು, ಯಾವ ಅಂಕಿಗಳ ಹಿಸ್ಟೋಗ್ರಾಮ್ ಎಂಬುದರಲ್ಲಿ. ಪರದೆಯ ಮೇಲಿನದು ಸಾಮಾನ್ಯವಾಗಿ ರಾ ಅಂಕಿಗಳದ್ದಲ್ಲ. ಅವುಗಳಿಂದ ಕ್ಯಾಮರಾ ತಾನೇ ಸಿದ್ಧಪಡಿಸಿದ ಜೆಪೆಗ್ ಚಿತ್ರದ್ದು. ಆ ಚಿತ್ರದಲ್ಲಿ ಬಣ್ಣವೊಂದಕ್ಕೆ 256 ಮಟ್ಟಗಳು ಮಾತ್ರ. ಅದನ್ನು ಸಿದ್ಧಪಡಿಸುವಾಗ ವೈಟ್ ಬ್ಯಾಲೆನ್ಸಿಗಾಗಿ ಕೆಂಪು ಮತ್ತು ನೀಲಿ ಅಂಕಿಗಳನ್ನು ಗುಣಿಸುತ್ತಾರೆ. ಹಗಲಿನ ಬೆಳಕಿನಲ್ಲಿ ಅನೇಕ ಕ್ಯಾಮರಾಗಳು ಕೆಂಪನ್ನು ಸುಮಾರು ಎರಡರಿಂದ ಗುಣಿಸುತ್ತವೆ. ಬಳಿಕ ಕಣ್ಣಿಗೆ ಹಿತವಾಗಲೆಂದು ಮಧ್ಯದ ಮಟ್ಟಗಳನ್ನು ಎತ್ತಿ, ಎರಡು ತುದಿಗಳನ್ನು ಒತ್ತುವ ವಕ್ರರೇಖೆಯನ್ನು ಅನ್ವಯಿಸುತ್ತಾರೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ರಾ ಕಡತವು ಮೂಲಪ್ರತಿ. ಜೆಪೆಗ್ ಸಂಪಾದಕನು ಪರಿಷ್ಕರಿಸಿದ ಪಾಠ. ಪರಿಷ್ಕೃತ ಪಾಠವನ್ನು ನೋಡಿ ಮೂಲದಲ್ಲಿ ಅಕ್ಷರ ಲೋಪವಾಗಿದೆಯೆಂದು ನಾವು ತೀರ್ಮಾನಿಸಿದ್ದೆವು.

ರಾ ಡಿಗ್ಗರ್ ಎಂಬ ತಂತ್ರಾಂಶವು ರಾ ಅಂಕಿಗಳದೇ ಹಿಸ್ಟೋಗ್ರಾಮನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ ತೋರಿಸುತ್ತದೆ. ಉಳಿದಿದ್ದ ಕಡತಗಳನ್ನು ಅದರಲ್ಲಿ ತೆರೆದಾಗ, ಬಿಸಿಲು ಬಿದ್ದ ಕಲ್ಲಿನಲ್ಲಿ ಹಸಿರಿನ ಅತ್ಯಧಿಕ ಅಂಕಿ ಸುಮಾರು 3,200 ಮಾತ್ರ ಇತ್ತು. ಕೆಂಪು ಮತ್ತು ನೀಲಿ ಇನ್ನೂ ಕೆಳಗಿದ್ದವು. ಆ ಕ್ಯಾಮರಾದಲ್ಲಿ ಕೊಳಗ ತುಂಬುವುದು 16,000ದ ಸಮೀಪದಲ್ಲಿ. ನಾವು ಅಳಿಸಿಹಾಕಿದ ಮೊದಲ ಚಿತ್ರದಲ್ಲಿ ಇದರ ನಾಲ್ಕರಷ್ಟು, ಎಂದರೆ 12,800ರಷ್ಟು, ಇದ್ದಿರಬೇಕು. ಕರಗಿತೆಂದು ತಿಳಿದ ಅಕ್ಷರಗಳು ಅದರಲ್ಲಿ ಕ್ಷೇಮವಾಗಿದ್ದವು.

ಬಿಸಿಲಿನ ಕಡೆಯಲ್ಲಿ ಇಷ್ಟು ಜಾಗ ಉಳಿದಿದ್ದರೆ ನೆರಳಿನ ಕಡೆಯಲ್ಲಿ ಹಾನಿಯಾದದ್ದು ಹೇಗೆಂದು ವಾಚಕರು ಕೇಳಬಹುದು. ಇಲ್ಲಿಯೇ ಡೈನಾಮಿಕ್ ರೇಂಜ್, ಎಂದರೆ ಸೆನ್ಸರಿನ ಬೆಳಕಿನ ವ್ಯಾಪ್ತಿ, ಎಂಬ ವಿಷಯ ಬರುತ್ತದೆ. ವ್ಯಾಪ್ತಿಯ ಮೇಲಿನ ಎಲ್ಲೆ ಕೊಳಗದ ಬಾಯಿ. ಕೆಳಗಿನ ಎಲ್ಲೆ ಸೊನ್ನೆಯಲ್ಲ, ಗದ್ದಲ. ಶೇಖರವನ್ನು ಅಳೆದು ಓದುವ ಕ್ರಿಯೆಯೇ ಕೆಲವು ಎಲೆಕ್ಟ್ರಾನುಗಳಷ್ಟು ಏರುಪೇರನ್ನು ತಂದೊಡ್ಡುತ್ತದೆ. ಕೋಶವು 48,000 ಎಲೆಕ್ಟ್ರಾನುಗಳನ್ನು ಹಿಡಿಯುತ್ತದೆ, ಓದಿನ ಗದ್ದಲ 3 ಎಲೆಕ್ಟ್ರಾನುಗಳಷ್ಟಿದೆ ಎಂದಿಟ್ಟುಕೊಂಡರೆ ಇವೆರಡರ ಪ್ರಮಾಣ 16,000ಕ್ಕೆ 1. ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿಯಾಗುವುದರಿಂದ ಇದು ಹತ್ತಿರ ಹತ್ತಿರ 14 ಸ್ಟಾಪ್. ಪ್ರಕಟಣೆಗಳಲ್ಲಿ ಕಾಣುವ ಇಂತಹ ಅಂಕಿ ಇಡೀ ಚಿತ್ರದಲ್ಲಿ ಓದಲು ಯೋಗ್ಯವಾದ ವ್ಯಾಪ್ತಿಯೆಂದು ತಿಳಿಯಬಾರದು, ಏಕೆಂದರೆ ಬೆಳಕಿಗೇ ಒಂದು ಗದ್ದಲವುಂಟು. ಮಳೆಯ ಹನಿಗಳು ಒಂದೇ ಅಂಗಳದ ಎರಡು ಪಾತ್ರೆಗಳಲ್ಲಿ ಸರಿಸಮನಾಗಿ ಬೀಳುವುದಿಲ್ಲ. ಬೆಳಕಿನ ಕಣಗಳೂ ಹಾಗೆಯೇ. ಸರಾಸರಿ 10,000 ಕಣಗಳು ಬೀಳುವಲ್ಲಿ ಏರುಪೇರು ಅದರ ವರ್ಗಮೂಲವಾದ 100. ಅದು ನೂರರಲ್ಲೊಂದು ಪಾಲು. 100 ಕಣಗಳು ಬೀಳುವಲ್ಲಿ ಏರುಪೇರು 10, ಹತ್ತರಲ್ಲೊಂದು ಪಾಲು.

ನಮ್ಮ ಶಾಸನದ ನೆರಳಿನ ಭಾಗಕ್ಕೆ ಈ ಲೆಕ್ಕವನ್ನು ಹಚ್ಚಿ ನೋಡೋಣ. ಅಲ್ಲಿ ಅಂಕಿ ಸುಮಾರು 12. ಮೇಲಿನ ಪ್ರಮಾಣದಲ್ಲಿ 36 ಎಲೆಕ್ಟ್ರಾನುಗಳು. ಬೆಳಕಿನ ಗದ್ದಲ ಮತ್ತು ಓದಿನ ಗದ್ದಲ ಕೂಡಿ ಏರುಪೇರು 6.7. ಸವೆದ ಅಕ್ಷರದ ಗೆರೆಯು ಸುತ್ತಲಿನ ಕಲ್ಲಿಗಿಂತ ನೂರಕ್ಕೆ 15ರಷ್ಟು ಕಪ್ಪಾಗಿದ್ದರೆ ಆ ವ್ಯತ್ಯಾಸ 5.4 ಎಲೆಕ್ಟ್ರಾನು. ಗೆರೆಗಿಂತ ಗದ್ದಲವೇ ದೊಡ್ಡದಾಯಿತು. ನಾಲ್ಕರಷ್ಟು ಬೆಳಕನ್ನು ಕೊಟ್ಟಿದ್ದರೆ ಶೇಖರ 144, ಏರುಪೇರು 12.4, ಅಕ್ಷರದ ವ್ಯತ್ಯಾಸ 21.6. ದಪ್ಪನೆಯ ಗೆರೆ ಅನೇಕ ಕೋಶಗಳ ಮೇಲೆ ಹಾಯುವುದರಿಂದ ಕಣ್ಣು ಸರಾಸರಿಯನ್ನು ಕಂಡುಕೊಂಡು ಒಂದಿಷ್ಟನ್ನು ಓದಬಲ್ಲುದು, ನಿಜ. ಆದರೆ ಒತ್ತಕ್ಷರದ ಕೊಕ್ಕೆ, ಸೊನ್ನೆ, ದೀರ್ಘದ ಗುರುತು ಇವು ಕೆಲವೇ ಕೋಶಗಳಷ್ಟು ಅಗಲ; ಪಾಠವನ್ನು ನಿರ್ಣಯಿಸುವುವು ಅವೇ. ಚಿತ್ರವನ್ನು ಆಮೇಲೆ ಬೆಳಗಿಸುವುದರಿಂದ ಗೆರೆಯೂ ಗದ್ದಲವೂ ಒಟ್ಟಿಗೆ ಬೆಳೆಯುತ್ತವೆಯಾದ್ದರಿಂದ ಪ್ರಯೋಜನವಿಲ್ಲ.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. 14 ಬಿಟ್ಟುಗಳಿವೆ ಎಂದಮಾತ್ರಕ್ಕೆ 14 ಸ್ಟಾಪುಗಳ ವ್ಯಾಪ್ತಿ ದೊರೆಯುವುದಿಲ್ಲ. ಬಿಟ್ಟುಗಳು ಅಳತೆಗೋಲಿನ ಗೀಟುಗಳು. ಅಳೆಯಬೇಕಾದ ವಸ್ತು ಗದ್ದಲದಲ್ಲಿ ಮುಳುಗಿದ್ದರೆ ಸೂಕ್ಷ್ಮ ಗೀಟುಗಳಿಂದ ಅದು ಮೇಲೇಳದು. ಇನ್ನು, ಐಎಸ್‌ಒ ಏರಿಸಿದರೆ ಸೆನ್ಸರಿಗೆ ಹೆಚ್ಚು ಬೆಳಕು ಸಿಗುತ್ತದೆಂಬ ನಂಬಿಕೆ. ಬೆಳಕನ್ನು ಹೆಚ್ಚಿಸುವುವು ಸಮಯ, ಲೆನ್ಸಿನ ದ್ವಾರ, ಸೂರ್ಯ ಇಷ್ಟೇ. ಐಎಸ್‌ಒ ಇಮ್ಮಡಿಯಾದಾಗಲೆಲ್ಲ ಮೇಲಿನ ಎಲ್ಲೆ ಒಂದು ಸ್ಟಾಪ್ ಕೆಳಗಿಳಿಯುತ್ತದೆ. ನಿಶ್ಚಲವಾಗಿ ನಿಂತ ಕಲ್ಲಿಗೆ ಟ್ರೈಪಾಡ್ ಇಟ್ಟು ಕನಿಷ್ಠ ಐಎಸ್‌ಒದಲ್ಲಿ ದೀರ್ಘಕಾಲದ ಎಕ್ಸ್‌ಪೋಷರ್ ಕೊಡುವುದಕ್ಕೆ ಅಡ್ಡಿಯೇನು?

ಫಿಲ್ಮಿನ ಕಾಲದ ಹಿರಿಯರಿಂದ ಪಾಠ ಕಲಿತವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದಿರುವಂತೆ ಫಿಲ್ಮಿನ ಸ್ಪಂದನರೇಖೆ ಮೇಲ್ತುದಿಯಲ್ಲಿ ಮೆಲ್ಲಮೆಲ್ಲನೆ ಬಾಗುತ್ತದೆ. ನೆಗೆಟಿವಿನಲ್ಲಿ ಬೆಳಕು ತುಸು ಹೆಚ್ಚಾದರೂ ವಿವರ ಉಳಿಯುತ್ತಿತ್ತು. ಸೆನ್ಸರಿನ ರೇಖೆ ನೇರವಾಗಿ ಏರಿ ಒಮ್ಮೆಗೇ ಕಡಿದುಹೋಗುತ್ತದೆ. ಆದ್ದರಿಂದ ಬಲಕ್ಕೆ ಸಾಧ್ಯವಾದಷ್ಟು ಸರಿಯಬೇಕು, ಆದರೆ ಎಲ್ಲೆಯನ್ನು ದಾಟಕೂಡದು. ಎಲ್ಲೆ ಎಲ್ಲಿದೆಯೆಂಬುದನ್ನು ಪರದೆ ನಿಜವಾಗಿ ಹೇಳುವುದಿಲ್ಲ.

ಹೀಗಾಗಿ ನಾವು ಈಗ ಅನುಸರಿಸುತ್ತಿರುವ ಕ್ರಮ ಇದು. ಹೊರಡುವ ಮೊದಲು ಬಿಳಿಯ ಕಾಗದವೊಂದನ್ನು ಬಿಸಿಲಿನಲ್ಲಿಟ್ಟು, ಸ್ಟಾಪಿನ ಮೂರರಲ್ಲೊಂದು ಪಾಲಿನಂತೆ ಬೆಳಕನ್ನು ಏರಿಸುತ್ತ ಚಿತ್ರಗಳನ್ನು ತೆಗೆಯುತ್ತೇವೆ. ಪರದೆ ಎಚ್ಚರಿಸಿದ್ದು ಯಾವಾಗ, ರಾ ಅಂಕಿ ನಿಜವಾಗಿ ತುಂಬಿದ್ದು ಯಾವಾಗ ಎಂದು ಹೋಲಿಸಿ, ಅಂತರವನ್ನು ಕ್ಯಾಮರಾದ ಪಟ್ಟಿಗೆ ಚೀಟಿಯಾಗಿ ಅಂಟಿಸಿರುತ್ತೇವೆ. ಚಿತ್ರದ ಶೈಲಿಯನ್ನು ಅತ್ಯಂತ ಸಪ್ಪೆಯಾದುದಕ್ಕೆ ಇಟ್ಟರೆ ಆ ಅಂತರ ಸ್ವಲ್ಪ ಕಡಮೆಯಾಗುತ್ತದೆ. ಬಣ್ಣಗಳ ಹಿಸ್ಟೋಗ್ರಾಮುಗಳನ್ನು ಪ್ರತ್ಯೇಕವಾಗಿ ನೋಡುತ್ತೇವೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮಿನಲ್ಲಿ ಒಂದೇ ಬಣ್ಣದ ತುಂಬುವಿಕೆ ಮರೆಯಾಗಬಹುದು, ಕುಂಕುಮ ಬಳಿದ ವೀರಗಲ್ಲಿನಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಬಿಸಿಲು ನೆರಳುಗಳ ಅಂತರ ವ್ಯಾಪ್ತಿಯನ್ನು ಮೀರುವಂತಿದ್ದರೆ ಕ್ಯಾಮರಾವನ್ನು ಕದಲಿಸದೆ ಎರಡು ಮೂರು ಎಕ್ಸ್‌ಪೋಷರುಗಳನ್ನು ತೆಗೆಯುತ್ತೇವೆ. ಬಿಳಿಯ ಪಂಚೆಯೊಂದನ್ನು ಬಿಸಿಲಿಗೆ ಹಿಡಿದು ನೆರಳಿನೊಳಗೆ ಬೆಳಕನ್ನು ತಿರುಗಿಸುವುದೂ ಉಂಟು; ಅದರ ಖರ್ಚು ಏನೂ ಇಲ್ಲ. ಆದರೆ ಪಂಚೆಯನ್ನು ಕಲ್ಲಿನ ಪಕ್ಕದಿಂದಲೇ ಹಿಡಿಯಬೇಕು; ಎದುರಿನಿಂದ ಹಿಡಿದರೆ ಅಕ್ಷರದ ತಗ್ಗಿನಲ್ಲಿರುವ ನೆರಳು ಅಳಿದು ಕಲ್ಲು ಚಪ್ಪಟೆಯಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮೊದಲು ಬಿಟ್ಟದ್ದು, ಸ್ಥಳದಲ್ಲಿಯೇ ಚಿತ್ರಗಳನ್ನು ಅಳಿಸುವ ಅಭ್ಯಾಸವನ್ನು. ವಿಭಾಗದ ಸಂಗ್ರಹಕ್ಕೆ ಈಗ ರಾ ಕಡತವೂ ಸೇರುತ್ತದೆ. ಪಡಿಯಚ್ಚಿನ ಅಂಚಿನಲ್ಲಿ ಸ್ಥಳವನ್ನೂ ದಿನಾಂಕವನ್ನೂ ಬರೆಯುವಂತೆ, ದಾಖಲೆಯ ಪುಸ್ತಕದಲ್ಲಿ ಆಯಾ ಶಾಸನದ ಎದುರು ರಾ ಅಂಕಿಯ ಅತ್ಯಧಿಕ ಮೌಲ್ಯವನ್ನೂ ನೆರಳಿನ ಮೌಲ್ಯವನ್ನೂ ಬರೆದಿಡುತ್ತೇವೆ. ಮೇಲೆ ಹೇಳಿದ ದಾನಶಾಸನದ ಎದುರು 3,200 ಮತ್ತು 12 ಎಂದಿದೆ. ಪಾಠದ ಕೊನೆಯ ಮೂರು ಪಂಕ್ತಿಗಳಲ್ಲಿ ಬಹುಪಾಲು ಚುಕ್ಕೆಗಳಿವೆ.