ಗಿಳಿಯನ್ನು ಶಾಲೆಗೆ ಕಳಿಸಿದ ಹುಡುಗಿ: ಮುಂಬೈಯಲ್ಲಿ ರೂಪ ಪಡೆದ ಮೀನಾ

ಅಪ್ಪ, ಅಮ್ಮ ಮಗನನ್ನು ಶಾಲೆಗೆ ಕಳಿಸುತ್ತಾರೆ, ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಕೋಳಿ ನೋಡಿಕೊಳ್ಳುವುದು, ಕೂಸನ್ನು ಎತ್ತಿಕೊಳ್ಳುವುದು, ಮನೆಗೆಲಸಕ್ಕೆ ಕೈ ಹಚ್ಚುವುದು ಅವಳ ಪಾಲು. ಒಂಬತ್ತು ವರ್ಷದ ಆ ಹುಡುಗಿಗೆ ಓದುವ ಆಸೆ. ಅವಳು ತನ್ನ ಸಾಕುಗಿಳಿಯನ್ನು ಶಾಲೆಗೆ ಕಳಿಸುತ್ತಾಳೆ. ಗಿಳಿ ಪಾಠ ಕೇಳಿಸಿಕೊಂಡು ಬಂದು ಅವಳಿಗೆ ಒಪ್ಪಿಸುತ್ತದೆ. ಹಾಗೆ ಎಣಿಕೆ ಕಲಿತವಳು ಒಂದು ದಿನ ಮನೆಯ ಕೋಳಿಗಳನ್ನು ಎಣಿಸಿ ನೋಡಿದರೆ ಒಂದು ಕಡಿಮೆ. ಕೋಳಿಕಳ್ಳ ಸಿಕ್ಕಿಬೀಳುತ್ತಾನೆ. ಮಗಳ ಲೆಕ್ಕದ ಬೆಲೆ ಅರಿತ ಹೆತ್ತವರು ಅವಳನ್ನೂ ಶಾಲೆಗೆ ಸೇರಿಸುತ್ತಾರೆ.

ಹುಡುಗಿಯ ಹೆಸರು ಮೀನಾ. ಗಿಳಿ ಮಿಠ್ಠು, ತಮ್ಮ ರಾಜು. 1990ರ ದಶಕದ ಆರಂಭದಲ್ಲಿ ದಕ್ಷಿಣ ಏಷ್ಯಾದ ಟಿವಿ ಪರದೆಗೆ ಬಂದ ಈ ಕಾರ್ಟೂನ್ ನಾಯಕಿಗೆ ಮುಖ, ಮೈಕಟ್ಟು, ನಡಿಗೆ ಕೊಟ್ಟು ಅಂತಿಮ ರೂಪ ತಂದವರು ಮುಂಬೈಯ ಅನಿಮೇಷನ್ ಕಲಾವಿದ ರಾಮ್ ಮೋಹನ್.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಾರ್ಟೂನ್ ನಾಯಕಿಯರು ಒಬ್ಬೊಬ್ಬರಾಗಿ ಹೊಸ ವೇಷದಲ್ಲಿ ಮರಳಿ ಬಂದಿದ್ದಾರೆ. 1985ರಲ್ಲಿ ಅಮೆರಿಕದ ಫಿಲ್ಮೇಷನ್ ಸ್ಟುಡಿಯೊ 'ಶೀ-ರಾ' ಸರಣಿಯನ್ನು ತಂದಾಗ ಅದರ ಹಿಂದೆ ಇದ್ದದ್ದು ಮ್ಯಾಟೆಲ್ ಕಂಪನಿಯ ಆಟಿಕೆ ವ್ಯಾಪಾರ. ಗಂಡುಮಕ್ಕಳು 'ಹೀ-ಮ್ಯಾನ್' ಗೊಂಬೆ ಕೊಳ್ಳುತ್ತಿದ್ದರು, ಹೆಣ್ಣುಮಕ್ಕಳ ಕೈಗೂ ಒಂದು ಗೊಂಬೆ ಬೇಕಿತ್ತು. ಖಡ್ಗ ಎತ್ತಿದೊಡನೆ ವೀರವನಿತೆಯಾಗುವ ಅಡೋರಾಳ ಕಥೆ 93 ಕಂತು ಓಡಿತು. 2018ರಲ್ಲಿ ಎನ್.ಡಿ. ಸ್ಟೀವನ್‌ಸನ್ ಅದನ್ನೇ ನೆಟ್‌ಫ್ಲಿಕ್ಸ್‌ಗಾಗಿ ಮತ್ತೆ ಕಟ್ಟಿದಾಗ ನಾಯಕಿ ಹದಿಹರೆಯದವಳಾದಳು. ಗೆಳತಿಯರು ದಪ್ಪ, ಸಣ್ಣ, ಕಪ್ಪು, ಬಿಳುಪು ಎಂದು ತಮ್ಮ ತಮ್ಮ ಮೈಯಲ್ಲೇ ಬಂದರು. ನಾಯಕಿಯ ಅಂದ ಕಡಿಮೆಯಾಯಿತೆಂದು ದೊಡ್ಡವರು ಕೆಲವರು ಕೂಗೆಬ್ಬಿಸಿದ್ದೂ ಆಯಿತು. ಆದರೂ ಆ ಸರಣಿ ಗೆದ್ದಿತು. ಜೊತೆಯಲ್ಲೇ ಬೆಳೆದ ಇಬ್ಬರು ಹುಡುಗಿಯರು ಎದುರಾಳಿಗಳಾಗಿ ನಿಂತರೆ ಅವರ ಒಳಗೆ ಏನಾಗುತ್ತದೆ ಎಂಬುದನ್ನು ಅದು 52 ಕಂತುಗಳ ಉದ್ದಕ್ಕೂ ಬಿಡದೆ ಕೇಳಿತು. ಅದಕ್ಕೆ ವಿರುದ್ಧವಾದ ಉದಾಹರಣೆ 'ಪವರ್‌ಪಫ್ ಗರ್ಲ್ಸ್'. ಕ್ರೇಗ್ ಮೆಕ್ರಾಕನ್ ಹುಟ್ಟುಹಾಕಿದ 1998ರ ಸರಣಿ ಇಂದಿಗೂ ನೋಡಿಸಿಕೊಳ್ಳುತ್ತದೆ. 2016ರ ಹೊಸ ಆವೃತ್ತಿಯಲ್ಲಿ ಅವರಿಲ್ಲ, ಮೂವರು ಪುಟಾಣಿಗಳ ಹಳೆಯ ಕಂಠಗಳೂ ಇಲ್ಲ. ಕಾಲಕ್ಕೆ ತಕ್ಕ ಮಾತು, ಕಾಲಕ್ಕೆ ತಕ್ಕ ತಮಾಷೆ ತುಂಬಿದರು. ನೋಡುವ ಮಕ್ಕಳಿಗೆ ಈಗ ಏನು ಬೇಕಾಗಿದೆ ಎಂದು ಯಾರೂ ಯೋಚಿಸಿದಂತೆ ಕಾಣಲಿಲ್ಲ.

ಮೀನಾಳ ವಿಷಯದಲ್ಲಿ ಆ ಯೋಚನೆಯೇ ಮೊದಲು ನಡೆದದ್ದು. ಅಲ್ಲಿಗೆ ಹೋಗುವ ದಾರಿ ಮುಂಬೈಯ ಪೆಡ್ಡರ್ ರಸ್ತೆಯಿಂದ ಶುರುವಾಗುತ್ತದೆ.

1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ ಸಾಕ್ಷ್ಯಚಿತ್ರಗಳಿಗೆ ಹೆಸರಾದ ಸರ್ಕಾರಿ ಸಂಸ್ಥೆಯಾಗಿತ್ತು. ಅದರ ಕಾರ್ಟೂನ್ ವಿಭಾಗಕ್ಕೆ 1956ರಲ್ಲಿ ಒಬ್ಬ ಮೇಷ್ಟರು ಬಂದರು, ಕ್ಲೇರ್ ವೀಕ್ಸ್. ಭಾರತದಲ್ಲೇ ಮಿಷನರಿ ಕುಟುಂಬದಲ್ಲಿ ಹುಟ್ಟಿ, ಡಿಸ್ನಿ ಸ್ಟುಡಿಯೊದಲ್ಲಿ 'ಸ್ನೋ ವೈಟ್', 'ಬ್ಯಾಂಬಿ' ಚಿತ್ರಗಳಿಗೆ ಕೆಲಸ ಮಾಡಿದವರು. ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಡಿ ಬಂದ ಅವರು ಇಲ್ಲಿನ ಹುಡುಗರಿಗೆ ಗೆರೆಗೆ ಜೀವ ಕೊಡುವ ವಿದ್ಯೆ ಕಲಿಸಿದರು. ಅದರ ಫಲ 1957ರ 'ದ ಬನಿಯನ್ ಡಿಯರ್', ಬುದ್ಧನ ಜಾತಕ ಕಥೆಯೊಂದರ ಜಿಂಕೆ. ಬ್ಯಾಂಬಿಯ ಜಿಂಕೆಮರಿಯನ್ನು ಬಿಡಿಸಿ ಬಂದ ಕೈ ಮುಂಬೈಯಲ್ಲಿ ಜಾತಕದ ಜಿಂಕೆಯನ್ನು ಬಿಡಿಸಲು ಕಲಿಸಿತು.

ಆ ತಂಡದಲ್ಲಿ ಇದ್ದ ಎಳೆಯರಲ್ಲಿ ಒಬ್ಬರು ರಾಮ್ ಮೋಹನ್. 1931ರಲ್ಲಿ ಹುಟ್ಟಿದವರು, ಓದಿದ್ದು ರಸಾಯನಶಾಸ್ತ್ರ. ಪ್ರಯೋಗಶಾಲೆ ಬಿಟ್ಟು ಪೆನ್ಸಿಲ್ ಹಿಡಿದರು. 1968ರಲ್ಲಿ ಫಿಲ್ಮ್ಸ್ ಡಿವಿಷನ್ ತೊರೆದು, 1972ರಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಮೃಣಾಲ್ ಸೇನ್ ಅವರ 'ಭುವನ್ ಶೋಮ್' (1969), ಸತ್ಯಜಿತ್ ರಾಯ್ ಅವರ 'ಶತ್ರಂಜ್ ಕೆ ಖಿಲಾಡಿ' (1977) ನೋಡಿದವರಿಗೆ ಅವುಗಳಲ್ಲಿನ ಅನಿಮೇಷನ್ ತುಣುಕುಗಳು ನೆನಪಿರಬಹುದು. ಅವು ರಾಮ್ ಮೋಹನ್ ಅವರ ಕೈಕೆಲಸ.

ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಈ ಕೆಲಸ ಎಂಥದ್ದೆಂದು ಇಂದಿನ ಮಕ್ಕಳಿಗೆ ಹೇಳಬೇಕು. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಹತ್ತು ನಿಮಿಷದ ಕಥೆಗೆ 7,200. ತೆರೆಯ ಮೇಲೆ ಇಬ್ಬರು ಅಲುಗಾಡಿದರೆ ಲೆಕ್ಕ ಇನ್ನೂ ಏರುತ್ತದೆ. ಕೆಳಗಿನಿಂದ ದೀಪ ಬೆಳಗುವ ಮೇಜಿನ ಮೇಲೆ ಹಿಂದಿನ ಗೆರೆ ನೋಡುತ್ತ ಮುಂದಿನ ಗೆರೆ ಎಳೆಯಬೇಕು. ಅದನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಾಳೆಯ ಬೆನ್ನಿಗೆ ಬಣ್ಣ ತುಂಬಿ, ಒಂದೊಂದನ್ನೇ ಕ್ಯಾಮೆರಾದ ಕೆಳಗಿಟ್ಟು ಸೆರೆಹಿಡಿಯಬೇಕು. ಮೀನಾ ತಲೆಯೆತ್ತಿ ಅಪ್ಪನನ್ನು ಒಂದು ಪ್ರಶ್ನೆ ಕೇಳುವಷ್ಟರಲ್ಲಿ ಹಲವರ ಹಲವು ದಿನಗಳ ದುಡಿಮೆ ಕಳೆದಿರುತ್ತಿತ್ತು.

ಈಗ ಢಾಕಾಕ್ಕೆ ಹೋಗೋಣ. ದಕ್ಷಿಣ ಏಷ್ಯಾದ ಸಾರ್ಕ್ ಒಕ್ಕೂಟದ ದೇಶಗಳು 1990ನ್ನು ಹೆಣ್ಣುಮಗುವಿನ ವರ್ಷವೆಂದು, 1991ರಿಂದ 2000ದವರೆಗಿನ ಅವಧಿಯನ್ನು ಹೆಣ್ಣುಮಗುವಿನ ದಶಕವೆಂದು ಘೋಷಿಸಿದ್ದವು. ಘೋಷಣೆ ಕಾಗದದಲ್ಲೇ ಉಳಿಯಬಾರದು ಎಂದರೆ ಅದು ಅಕ್ಷರ ಬಾರದ ಮನೆಗೂ ಮುಟ್ಟಬೇಕು. ಢಾಕಾದಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ನ ಸಂವಹನ ವಿಭಾಗದಲ್ಲಿದ್ದ ಕೆನಡಾದ ನೀಲ್ ಮೆಕ್‌ಕೀ ಕಾರ್ಟೂನ್ ನಾಯಕಿಯೊಬ್ಬಳ ಯೋಚನೆಯನ್ನು ಮುಂದಿಟ್ಟರು. ರೇಚಲ್ ಕಾರ್ನೆಗಿ ಕಥೆಗಳ ಹೊಣೆ ಹೊತ್ತವರಲ್ಲಿ ಪ್ರಮುಖರು. ಸಂಶೋಧನೆಗೆ ದೆಹಲಿಯ ಮೀರಾ ಆಘಿ ಬಂದರು. ಬಾಂಗ್ಲಾದೇಶದ ಕಲಾವಿದರೂ ಆರಂಭದ ರೇಖಾಚಿತ್ರಗಳಲ್ಲಿ ಕೈಜೋಡಿಸಿದರು.

ಮೀನಾಳ ಕಥೆಯಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವ ಭಾಗ ಇಲ್ಲಿದೆ. ಈ ತಂಡದವರು ಸ್ಟುಡಿಯೊದಲ್ಲಿ ಕೂತು ಹುಡುಗಿಯನ್ನು ಕಲ್ಪಿಸಿಕೊಳ್ಳಲಿಲ್ಲ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ನೇಪಾಳಗಳ ಹಳ್ಳಿಗಳಿಗೂ ಕೊಳೆಗೇರಿಗಳಿಗೂ ಕಚ್ಚಾ ಚಿತ್ರಗಳನ್ನು ಹಿಡಿದು ಹೋದರು. ಮಕ್ಕಳನ್ನು, ತಾಯಂದಿರನ್ನು, ತಂದೆಯರನ್ನು ಕೇಳಿದರು. ಈ ಹುಡುಗಿ ನಿಮ್ಮವಳಂತೆ ಕಾಣುತ್ತಾಳೆಯೇ? ಹೆಸರು ಏನಿಡೋಣ? ಅವಳು ಹೀಗೆ ಎದುರು ಮಾತಾಡಿದರೆ ನಿಮಗೆ ಸಿಟ್ಟು ಬರುತ್ತದೆಯೇ? ಹೀಗೆ ಮಾತಿಗೆ ಸಿಕ್ಕವರ ಸಂಖ್ಯೆ 10,000 ದಾಟಿತು. ಮೀನಾ ಎಂಬ ಹೆಸರು ಉಳಿದದ್ದು ಹಿಂದೂ, ಮುಸ್ಲಿಂ ಇಬ್ಬರ ಮನೆಯಲ್ಲೂ ಆ ಹೆಸರಿಗೆ ಜಾಗವಿದೆ ಎಂಬ ಕಾರಣಕ್ಕೆ. ಬಟ್ಟೆಯೂ ಹಾಗೆಯೇ. ಸೀರೆ ಉಡಿಸಿದರೆ ಒಂದು ದೇಶದವಳಾಗುತ್ತಾಳೆ, ಸಲ್ವಾರ್ ತೊಡಿಸಿದರೆ ಇನ್ನೊಂದು ದೇಶದವಳಾಗುತ್ತಾಳೆ. ಕೊನೆಗೆ ಎಲ್ಲ ಕಡೆಯೂ ಒಪ್ಪುವ ಉದ್ದ ಲಂಗ, ಮೇಲೊಂದು ಅಂಗಿ. ಗಡಿಯಲ್ಲಿ ಬೇಲಿ ಹಾಕಿಕೊಂಡ ದೇಶಗಳಿಗೆ ಒಬ್ಬಳೇ ಮಗಳನ್ನು ರೂಪಿಸುವುದು ಸಣ್ಣ ಮಾತಲ್ಲ. ರಾಮ್ ಮೋಹನ್ ಆ ಎಲ್ಲ ಅಭಿಪ್ರಾಯಗಳನ್ನೂ ಒಂದು ದುಂಡು ಮುಖಕ್ಕೆ, ಎರಡು ಚುರುಕು ಕಣ್ಣುಗಳಿಗೆ ಇಳಿಸಿದರು.

ಮೊದಲ ಚಿತ್ರದ ಕೆಲಸಕ್ಕೆ ಹ್ಯಾನಾ-ಬಾರ್ಬೆರಾ ಕಂಪನಿಯ ಮನಿಲಾ ಸ್ಟುಡಿಯೊ ನೆರವಾಯಿತು. ಮುಂದೆ ಮುಂಬೈಯಲ್ಲೇ ಕಂತುಗಳು ತಯಾರಾದವು. ಅವುಗಳಲ್ಲಿ ಮಾವಿನ ಹಣ್ಣಿನ ಕಂತನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಊಟಕ್ಕೆ ಕೂತಾಗ ರಾಜುವಿಗೆ ದೊಡ್ಡ ಪಾಲು, ಮೀನಾಳಿಗೆ ಚಿಕ್ಕದು. ಗಂಡುಮಗ ಹೆಚ್ಚು ದುಡಿಯುತ್ತಾನೆ ಎಂಬುದು ಮನೆಯವರ ನಂಬಿಕೆ. ಅಕ್ಕ, ತಮ್ಮ ಒಂದು ದಿನ ಕೆಲಸ ಬದಲಾಯಿಸಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ರಾಜು ಸುಸ್ತು. ಯಾರೂ ಭಾಷಣ ಮಾಡುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಅಂಶವೆಂದರೆ ರಾಜುವನ್ನು ಖಳನಾಗಿಸಿಲ್ಲ. ಅವನು ಅಕ್ಕನ ಗೆಳೆಯ, ಕಣ್ಣಾರೆ ಕಂಡದ್ದನ್ನು ಒಪ್ಪಿಕೊಳ್ಳುವ ಹುಡುಗ. ಹೆಣ್ಣುಮಕ್ಕಳ ಪರ ನಿಲ್ಲುವ ಎಷ್ಟೋ ಕಾರ್ಟೂನುಗಳು ಗಂಡುಮಕ್ಕಳನ್ನು ಪೆದ್ದರನ್ನಾಗಿ ತೋರಿಸಿ ಸುಲಭದ ದಾರಿ ಹಿಡಿಯುತ್ತವೆ. ಮೀನಾ ಹಾಗೆ ಮಾಡಲಿಲ್ಲ, ಅದಕ್ಕೇ ಅವಳನ್ನು ಮನೆಮಂದಿಯೆಲ್ಲ ಕೂತು ನೋಡಿದರು.

ಬಾಲ್ಯವಿವಾಹ, ಶಾಲೆ ಬಿಡಿಸುವುದು, ಶೌಚಾಲಯ ಹೀಗೆ ವಿಷಯಗಳು ಬೆಳೆದವು. ಹಿಂದಿ, ಬಂಗಾಳಿ, ಉರ್ದು, ನೇಪಾಳಿಗಳಲ್ಲಿ ಮೀನಾ ಮಾತಾಡಿದಳು. ಸೆಪ್ಟೆಂಬರ್ 24 ಮೀನಾ ದಿನವಾಯಿತು. ಮೆಕ್‌ಕೀ ಮುಂದೆ ಆಫ್ರಿಕಾಕ್ಕೆ ಹೋದಾಗ ಇದೇ ಹಾದಿಯಲ್ಲಿ ಸಾರಾ ಎಂಬ ಹುಡುಗಿ ಹುಟ್ಟಿದಳು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ದುಡಿದವರಿಗೆ 'ಮೀನಾ ತಂಡ' ಎಂಬ ಹೆಸರು ಗೊತ್ತು. ಶಾಲೆ ಬಿಟ್ಟ ಹುಡುಗಿಯರನ್ನು ಮರಳಿ ಕರೆತರಲು, ಎಳೆಯ ಮದುವೆಯ ವಿರುದ್ಧ ದನಿ ಎತ್ತಲು ಕಟ್ಟಿದ ಹೆಣ್ಣುಮಕ್ಕಳ ಗುಂಪುಗಳವು. ಆ ಹೆಸರು ಹೊತ್ತ ನಾಯಕಿ ರೂಪ ಪಡೆದದ್ದು ಮುಂಬೈಯಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮೀನಾ ರೂಪ ಪಡೆದ ವರ್ಷಗಳಲ್ಲೇ ರಾಮ್ ಮೋಹನ್ ಜಪಾನಿನ ಯುಗೊ ಸಾಕೊ ಜೊತೆಗೂಡಿ 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಮಾಡಿದರು. 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಆ ರಾಮಾಯಣ ಚಿತ್ರ 2025ರ ಜನವರಿಯಲ್ಲಿ 4ಕೆ ಸ್ಪಷ್ಟತೆಯೊಡನೆ ಮತ್ತೆ ಚಿತ್ರಮಂದಿರಗಳಿಗೆ ಬಂತು. ಮೀನಾಳಿಗೂ ಅಂಥ ಗೌರವ ಸಲ್ಲಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಏಕೆಂದರೆ ಅವಳು ಬಿಟ್ಟುಹೋದ ಜಾಗ ಇನ್ನೂ ತುಂಬಿಲ್ಲ. ಮಕ್ಕಳ ಚಾನೆಲ್‌ಗಳಲ್ಲಿ ಗೆದ್ದ ನಮ್ಮ ದೇಶದ ಸರಣಿಗಳ ಹೆಸರು ನೋಡಿ: ಛೋಟಾ ಭೀಮ್, ಮೋಟು ಪತ್ಲು, ಶಿವ, ರುದ್ರ, ಲಿಟಲ್ ಸಿಂಘಂ. ಎಲ್ಲ ಗಂಡಸರು, ಗಂಡುಹುಡುಗರು. ಭೀಮನ ಗೆಳತಿ ಚುಟ್ಕಿಯ ಮುಖ್ಯ ಕೆಲಸ ಅವನಿಗೆ ಲಾಡು ತಂದುಕೊಡುವುದು. ಬೇರೆ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರ ಘಟನೆಯಿಂದ ಕಲಕಿಹೋದ ರಾಮ್ ದೇವಿನೇನಿ ಮತ್ತು ಡ್ಯಾನ್ ಗೋಲ್ಡ್‌ಮನ್ ರೂಪಿಸಿದ 'ಪ್ರಿಯಾಸ್ ಶಕ್ತಿ' ಕಾಮಿಕ್ 2014ರಲ್ಲಿ ಬಂತು. ಅತ್ಯಾಚಾರಕ್ಕೆ ಒಳಗಾದ ಹುಡುಗಿ ಹುಲಿಯೇರಿ ಎದ್ದು ನಿಲ್ಲುವ ಕಥೆ. 2020ರಲ್ಲಿ 'ಪ್ರಿಯಾಸ್ ಮಾಸ್ಕ್' ಎಂಬ ಕಿರು ಅನಿಮೇಷನ್ ಚಿತ್ರದಲ್ಲಿ ಪ್ರಿಯಾ ಮರಳಿದಳು, ವಿದ್ಯಾ ಬಾಲನ್ ಮೊದಲಾದವರು ಕಂಠ ಕೊಟ್ಟರು. ಅದು ಧೈರ್ಯದ ಕೆಲಸ, ಮೆಚ್ಚುತ್ತೇನೆ. ಆದರೆ ಪ್ರಿಯಾಳಿಗೆ ದೇವಿಯ ವರವಿದೆ, ಹುಲಿಯಿದೆ. ಮೀನಾಳ ಬಳಿ ಇದ್ದದ್ದು ಪ್ರಶ್ನೆ ಕೇಳುವ ಬಾಯಿ, ಲೆಕ್ಕ ಮಾಡುವ ತಲೆ. ಅವಳು ಮಾಡಿದ್ದನ್ನು ಯಾವ ಹುಡುಗಿಯಾದರೂ ಮರುದಿನವೇ ಮಾಡಬಹುದಿತ್ತು. ಹಾಗಾಗಿಯೇ ಶೀ-ರಾಳಿಗಿಂತಲೂ ಮೀನಾ ದೊಡ್ಡ ನಾಯಕಿ ಎಂದು ನನಗನ್ನಿಸುತ್ತದೆ.

ಬಾಂಗ್ಲಾದೇಶದಲ್ಲಿ ಮೀನಾ ಮೊಬೈಲ್ ಆಟವಾಗಿಯೂ ಬಂದಿದ್ದಾಳೆ. ನಮ್ಮಲ್ಲಿ ಅವಳನ್ನು ಹೊಸ ರೂಪದಲ್ಲಿ ಕಟ್ಟುವವರು ಯಾರಾದರೂ ಮುಂದೆ ಬಂದರೆ ಅವರಲ್ಲಿ ಒಂದೇ ಕೋರಿಕೆ. ಬಣ್ಣ, ತಂತ್ರಜ್ಞಾನ, ಹಾಡು ಆಮೇಲೆ ಇರಲಿ. ಮೊದಲು ಗೋವಂಡಿ, ಧಾರಾವಿಯ ಗಲ್ಲಿಗಳಿಗೆ ಹೋಗಿ, ಮುಂಬೈ ಪಾಲಿಕೆಯ ಕನ್ನಡ ಶಾಲೆಗಳಿಗೆ ಹೋಗಿ, ರಾಯಚೂರು, ಯಾದಗಿರಿಯ ಹಳ್ಳಿಗಳಿಗೆ ಹೋಗಿ, ಒಂಬತ್ತು ವರ್ಷದ ಹುಡುಗಿಯರನ್ನು ಕೇಳಿ. ಇಂದು ಅವರಲ್ಲಿ ಬಹಳಷ್ಟು ಮಂದಿಯ ಹೆಸರು ಶಾಲೆಯ ಹಾಜರಿಯಲ್ಲಿದೆ. ಆದರೆ ಮನೆಯ ಮೊಬೈಲ್ ಮೊದಲು ಯಾರ ಕೈಗೆ ಹೋಗುತ್ತದೆ, ಹತ್ತನೆಯ ತರಗತಿಯ ನಂತರ ಯಾರನ್ನು ಓದಿಸುತ್ತಾರೆ, ಸಂಜೆ ಆಟದ ಮೈದಾನ ಯಾರಿಗೆ ಸಿಗುತ್ತದೆ? ಹೊಸ ಕಂತುಗಳು ಆ ಉತ್ತರಗಳಿಂದಲೇ ಹುಟ್ಟಬೇಕು.

ಅಲ್ಲಿಯವರೆಗೆ ಹಳೆಯ ಕಂತುಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಈ ಭಾನುವಾರ ಮಕ್ಕಳನ್ನು, ಮುಖ್ಯವಾಗಿ ಗಂಡುಮಕ್ಕಳನ್ನು, ಜೊತೆಗೆ ಕೂರಿಸಿಕೊಂಡು ಮಾವಿನ ಹಣ್ಣಿನ ಕಂತು ನೋಡಿ.